ಕೈಯಾರೆ ಅಳವಡಿಸಿದ ಲಿಬ್ರೆಆಫೀಸ್: ಒಂದೂವರೆ ವರ್ಷದ ಬಳಕೆಯ ನಂತರ

ಧಾರವಾಡದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪ್ ಮಾಡಿ, ಪುಟ ಹೊಂದಿಸಿ ಕೊಡುವುದು ನನ್ನ ಕಸುಬು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು 22.04 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ (ವಿಂಡೋಸ್ ಬದಲಿಗೆ ಬಳಸುವಂಥದ್ದು). ಅದರ ಜೊತೆಗೇ ಬಂದ, ವರ್ಡ್‌ನಂತೆ ಕಡತ ಬರೆದು ಹೊಂದಿಸುವ ಉಚಿತ ಆಫೀಸ್ ತಂತ್ರಾಂಶವಾದ ಲಿಬ್ರೆಆಫೀಸ್ 7.3ರಲ್ಲಿ ಮೊದಲ ವರ್ಷ ಕಳೆಯಿತು. ದೀರ್ಘಾವಧಿ ಬೆಂಬಲದ ಉಬುಂಟುವಿನಲ್ಲಿ ಆಫೀಸ್ ತಂತ್ರಾಂಶಕ್ಕೆ ದೋಷ ತಿದ್ದುಪಡಿಗಳು ಬರುತ್ತವೆಯೇ ಹೊರತು ಹೊಸ ಆವೃತ್ತಿ ಬರುವುದಿಲ್ಲ. ವಿದ್ಯಾರ್ಥಿಗಳು ವರ್ಡ್‌ನಲ್ಲಿ ಮಾಡಿ ತರುವ ಕೋಷ್ಟಕಗಳು ನನ್ನಲ್ಲಿ ಅಂಚು ಮೀರಿ ಹೋಗುತ್ತಿದ್ದುದರಿಂದ, 2023ರ ಆಗಸ್ಟ್‌ನಲ್ಲಿ 7.6 ಬಿಡುಗಡೆಯಾದಾಗ ಹಳೆಯದನ್ನು ತೆಗೆದು, ಅಧಿಕೃತ ತಾಣದಿಂದ ಹೊಸದನ್ನು ಇಳಿಸಿಕೊಂಡು ನಾನೇ ಅಳವಡಿಸಿದೆ.

ಅಲ್ಲಿಂದೀಚೆಗೆ ಇದು ಆರು ತಿಂಗಳಿಗೊಮ್ಮೆ ಬರುವ ವ್ರತದಂತಾಗಿದೆ. ಅಂಗಡಿ ತೆರೆಯುವ ಮುಂಚೆ ಫೋನಿನ ಹಾಟ್‌ಸ್ಪಾಟ್ ಹಚ್ಚಿ, ಸುಮಾರು 200 ಎಂಬಿ ಗಾತ್ರದ ಕಡತ ಇಳಿಯುವಷ್ಟರಲ್ಲಿ ಚಹಾ ಮುಗಿಸುತ್ತೇನೆ. ಕಡತವನ್ನು ಬಿಚ್ಚಿ, ಅದರೊಳಗಿನ ಡೆಬ್ಸ್ ಎಂಬ ಫೋಲ್ಡರಿನಲ್ಲಿ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು, ತಂತ್ರಾಂಶ ಅಳವಡಿಸುವ ಡಿಪಿಕೆಜಿ ಆದೇಶವನ್ನು, 'ಎಲ್ಲವೂ' ಎಂದು ಸೂಚಿಸುವ ನಕ್ಷತ್ರ ಚಿಹ್ನೆಯೊಂದಿಗೆ ಕೊಟ್ಟರೆ ಹತ್ತಾರು ಪೊಟ್ಟಣಗಳು ಒಂದರ ಹಿಂದೊಂದು ಕೂರುತ್ತವೆ. ಸಾಲುಗಳು ಸರಸರನೆ ಮೇಲೇರುವುದನ್ನು ನೋಡುವುದು, ಸಂಕೋಚವಿಲ್ಲದೆ ಹೇಳುತ್ತೇನೆ, ನನಗೆ ಖುಷಿಯ ಸಂಗತಿ.

ಬೇಸರ ಶುರುವಾಗುವುದು ಇದಾದ ಮೇಲೆ. ಮುಖ್ಯ ಕಡತದಲ್ಲಿ ಕನ್ನಡ ಇರುವುದಿಲ್ಲ. ಮೆನುಗಳನ್ನು ಕನ್ನಡದಲ್ಲಿ ತೋರಿಸುವ ಭಾಷಾ ಪ್ಯಾಕನ್ನು ಬೇರೆಯಾಗಿ ಇಳಿಸಿ, ಅದೇ ಕ್ರಮದಲ್ಲಿ, ಮುಖ್ಯ ತಂತ್ರಾಂಶದ ನಂತರವೇ ಅಳವಡಿಸಬೇಕು. ಹಿಂದಿನ ಆವೃತ್ತಿಯ ಪ್ಯಾಕ್ ಹೊಸದಕ್ಕೆ ಹೊಂದುವುದಿಲ್ಲ. 2024ರ ಆರಂಭದಲ್ಲಿ ಸಂಖ್ಯೆ 7.6ರಿಂದ ನೇರವಾಗಿ 24.2ಕ್ಕೆ ಜಿಗಿದಾಗ (ವರ್ಷ, ತಿಂಗಳು ಎಂಬ ಲೆಕ್ಕ ಆಗ ಬಂತು) ನಾನು ಪ್ಯಾಕನ್ನು ಮರೆತೆ. ಕನ್ನಡ ಮೆನುವಿಗೆ ಒಗ್ಗಿದ್ದ ನನ್ನ ಸಹಾಯಕಿ ಮರುದಿನ ಬೆಳಿಗ್ಗೆ ಪರದೆಯ ಮುಂದೆ ಸುಮ್ಮನೆ ಕುಳಿತಿದ್ದಳು, ಕೇಳಿದರೆ, "ಅಕ್ಕಾ, ಇದು ನಮ್ಮ ಕಂಪ್ಯೂಟರ್ ಹೌದಲ್ರಿ?" ಎಂದಳು. ಹೊಸ ಆವೃತ್ತಿ ಬಂದಿದೆಯೆಂದು ತಾನಾಗಿಯೇ ಸೂಚಿಸುವ ತಂತ್ರಾಂಶ, ನಿನ್ನಲ್ಲಿ ಕನ್ನಡವಿತ್ತು, ಅದನ್ನೂ ತರಲೇ ಎಂದು ಒಂದು ಮಾತು ಕೇಳುವುದಿಲ್ಲ. ಪ್ಯಾಕ್ ಹಾಕಿದ ಮೇಲೂ ಕೆಲವು ಕಿಟಕಿಗಳು ಇಂಗ್ಲಿಷಿನಲ್ಲೇ ತೆರೆಯುತ್ತವೆ, ಆದರೆ ಅನುವಾದವನ್ನು ಸ್ವಯಂಸೇವಕರು ಮಾಡುತ್ತಾರೆಂದು ತಿಳಿದಿರುವುದರಿಂದ ಅದರ ಬಗ್ಗೆ ದೂರುವ ಮನಸ್ಸಿಲ್ಲ.

ಇಷ್ಟಾದರೂ ನಾನು ಹಳೆಯ ಪದ್ಧತಿಗೆ ಮರಳದಿರುವುದಕ್ಕೆ ಕಾರಣ, ನಿರೀಕ್ಷಿಸದೇ ಸಿಕ್ಕ ಒಂದು ಅನುಕೂಲ. ಹೀಗೆ ಅಳವಡಿಸಿದ ಪ್ರತಿಯೊಂದು ಮುಖ್ಯ ಆವೃತ್ತಿಯೂ ಆಪ್ಟ್ ಎಂಬ ಫೋಲ್ಡರಿನಲ್ಲಿ ತನ್ನದೇ ಜಾಗ ಹಿಡಿಯುತ್ತದೆ, ಹಿಂದಿನದನ್ನು ಅಳಿಸುವುದಿಲ್ಲ. 24.8ರಲ್ಲಿ ತೆರೆದಾಗ 300 ಪುಟಗಳ ಪ್ರಬಂಧವೊಂದರ ಪುಟಗಳು ಎರಡು ಸಾಲು ಕೆಳಗೆ ಸರಿದು, ಪರಿವಿಡಿಯ ಪುಟಸಂಖ್ಯೆಗಳೆಲ್ಲ ತಪ್ಪಿದವು. ಪಕ್ಕದಲ್ಲೇ ಇದ್ದ 24.2ರಲ್ಲಿ ತೆರೆದು ಹಾಗೆಯೇ ಪಿಡಿಎಫ್ ಮಾಡಿಕೊಟ್ಟೆ. ಎರಡೂ ಆವೃತ್ತಿಗಳು ನನ್ನ ಆಯ್ಕೆಗಳನ್ನು ಉಳಿಸಿಡುವ ಒಂದೇ ಪ್ರೊಫೈಲ್ ಫೋಲ್ಡರನ್ನು ಬಳಸುವುದರಿಂದ, ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯುತ್ತೇನೆ. ಅದೇ ಕಾರಣಕ್ಕೆ ಕನ್ನಡದ ಭಾಷಾ ಆಯ್ಕೆಗಳನ್ನು ಪ್ರತಿ ಸಲ ಹೊಸದಾಗಿ ಹೊಂದಿಸಬೇಕಾಗಿಲ್ಲ.

ತೆಗೆಯುವಾಗ ಮಾತ್ರ ಎಚ್ಚರ ಬೇಕು. ಆವೃತ್ತಿಯ ಸಂಖ್ಯೆಯನ್ನು ಬರೆಯದೆ ಬರಿಯ ಹೆಸರಿನ ಮುಂದೆ ನಕ್ಷತ್ರ ಹಾಕಿ ತೆಗೆಯುವ ಆದೇಶ ಕೊಟ್ಟು, ಹಳೆಯದರ ಜೊತೆ ಹೊಸದನ್ನೂ ಕಳೆದುಕೊಂಡು, ಪ್ರಬಂಧ ಸಲ್ಲಿಸುವ ದಿನವೇ ಮತ್ತೆ 200 ಎಂಬಿ ಇಳಿಸಿದ್ದೇನೆ. ತಪ್ಪು ನನ್ನದೇ, ಡೇಟಾ ಕೂಡ ನನ್ನದೇ.

2025ರ ಫೆಬ್ರುವರಿಯಲ್ಲಿ 25.2 ಬಂದಾಗ ಮೊದಲು ಭಾಷಾ ಪ್ಯಾಕನ್ನು ಇಳಿಸಿಟ್ಟುಕೊಂಡು, ಆಮೇಲೆ ಮುಖ್ಯ ಕಡತಕ್ಕೆ ಕೈ ಹಾಕಿದೆ. 24.8 ಇನ್ನೂ ಅಲ್ಲೇ ಇದೆ. ಅದರಲ್ಲಿ ಹೊಂದಿಸಿದ ಎರಡು ಪ್ರಬಂಧಗಳು ಮುದ್ರಣಕ್ಕೆ ಹೋಗುವವರೆಗೆ ತೆಗೆಯುವುದಿಲ್ಲ.