ಉಸಿರು ಮತ್ತು ಅನ್ನದ ದಾರಿ ಕೆಟ್ಟ ಮಕ್ಕಳ ರಿಜಿಸ್ಟ್ರಿ: ಸ್ಪ್ರೆಡ್‌ಶೀಟ್, ಆಸ್ಪತ್ರೆ ಸಾಫ್ಟ್‌ವೇರ್, ರೆಡ್‌ಕ್ಯಾಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೆಡ್‌ಕ್ಯಾಪ್‌ಗೆ, ಅಂದರೆ ಸಂಶೋಧನೆಗೆ ಬೇಕಾದ ಮಾಹಿತಿಯನ್ನು ಫಾರ್ಮುಗಳಲ್ಲಿ ತುಂಬಿಸಿಕೊಳ್ಳುವ ವೆಬ್ ಸಾಫ್ಟ್‌ವೇರಿಗೆ. ಶ್ವಾಸನಾಳ, ಅನ್ನನಾಳ ಎರಡರಲ್ಲೂ ತೊಂದರೆ ಇರುವ ಮಕ್ಕಳ ಮಾಹಿತಿಯನ್ನು ಒಂದೆಡೆ ಸೇರಿಸಲು ಮೂರನ್ನೂ ಬಳಸಿ ನೋಡಿ ಆಮೇಲೆ ಹೇಳುತ್ತಿರುವ ಮಾತು ಇದು.

ಸ್ಪ್ರೆಡ್‌ಶೀಟ್ ಶುರು ಮಾಡುವುದು ಸುಲಭ. ಆದರೆ ಈ ಮಕ್ಕಳು ಒಂದು ಸಲ ಬಂದು ಹೋಗುವವರಲ್ಲ ಅಲ್ವಾ? ಮಗುವಿಗೊಂದು ಸಾಲು ಇಟ್ಟರೆ ‘ಸ್ಕೋಪಿ 1’, ‘ಸ್ಕೋಪಿ 2’ (ಸ್ಕೋಪಿ ಅಂದರೆ ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವುದು) ಎಂದು ಕಾಲಂಗಳು ಬಲಕ್ಕೆ ಬೆಳೆಯುತ್ತಲೇ ಹೋಗುತ್ತವೆ. ಭೇಟಿಗೊಂದು ಸಾಲು ಇಟ್ಟರೆ ಹುಟ್ಟಿನ ದೋಷವನ್ನೂ ಪ್ರತಿ ಸಲ ತುಂಬಬೇಕು. ಆಗ ಒಂದೇ ಮಗುವಿನ ಅನ್ನನಾಳದ ಹುಟ್ಟುದೋಷದ ಬಗೆ ಒಂದು ಸಾಲಿನಲ್ಲಿ ಟೈಪ್ ಸಿ, ಇನ್ನೊಂದರಲ್ಲಿ ಟೈಪ್ ಡಿ! ಶ್ವಾಸನಾಳ ಎಷ್ಟು ಕಿರಿದಾಗಿದೆ ಎಂದು ಹೇಳುವ ಮೈಯರ್-ಕಾಟನ್ ಗ್ರೇಡನ್ನು ಯಾರಾದರೂ ‘2-3’ ಎಂದು ಹೊಡೆದರೆ, ಅದು ಸದ್ದಿಲ್ಲದೆ ತಾರೀಖಾಗಿ ಕೂರುತ್ತದೆ.

ಆಸ್ಪತ್ರೆ ಸಾಫ್ಟ್‌ವೇರಿನಲ್ಲೇ ಫಾರ್ಮ್ ಮಾಡಿಸಿದರೆ ಎರಡೆರಡು ಸಲ ತುಂಬುವುದು ತಪ್ಪುತ್ತದೆ. ಆದರೆ ಒಂದು ಪ್ರಶ್ನೆ ಸೇರಿಸಲೂ ಐಟಿಯವರ ಬಾಗಿಲು ಕಾಯಬೇಕು. ಬೇರೆ ಆಸ್ಪತ್ರೆಯವರು ನಾವೂ ರಿಜಿಸ್ಟ್ರಿಗೆ ಸೇರುತ್ತೇವೆಂದರಂತೂ ಕಥೆ ಮುಗಿಯಿತು.

ರೆಡ್‌ಕ್ಯಾಪ್ 2004ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಯಾರು ಯಾವಾಗ ಏನು ಬದಲಿಸಿದರು ಎಂಬ ಲಾಗ್ ತಾನಾಗಿಯೇ ಸಿಗುತ್ತದೆ. ಆದರೆ ಇದರಲ್ಲೂ ಒಂದು ತಲೆನೋವಿದೆ.

ಈ ಮಕ್ಕಳನ್ನು ಸಾಧ್ಯವಾದಾಗ ಒಂದೇ ಅರಿವಳಿಕೆಯಲ್ಲಿ ಮೂರು ತಂಡಗಳು ನೋಡಿ ಮುಗಿಸುತ್ತವೆ. ಧ್ವನಿಪೆಟ್ಟಿಗೆ ಇಎನ್‌ಟಿಯವರಿಗೆ, ಬ್ರಾಂಕೋಸ್ಕೋಪಿ ಶ್ವಾಸಕೋಶದವರಿಗೆ, ಅನ್ನನಾಳ-ಹೊಟ್ಟೆ ಗ್ಯಾಸ್ಟ್ರೋದವರಿಗೆ. ಮೂವರಿಗೂ ಬೇರೆ ಬೇರೆ ಫಾರ್ಮ್. ಫಾರ್ಮುಗಳು ಮರುಕಳಿಸುವಂತೆ ಮಾಡಲು ರೆಡ್‌ಕ್ಯಾಪ್ ಎರಡು ದಾರಿ ಕೊಡುತ್ತದೆ: ಪ್ರತಿ ಫಾರ್ಮನ್ನು ಬಿಡಿಯಾಗಿ, ಇಲ್ಲವೇ ಇಡೀ ಇವೆಂಟನ್ನು (ಒಂದು ಭೇಟಿಯ ಎಲ್ಲ ಫಾರ್ಮುಗಳ ಗುಂಪನ್ನು) ಒಟ್ಟಿಗೆ.

ಬಿಡಿಯಾಗಿ ಮಾಡುವುದೇ ಸಲೀಸು ಅನ್ನಿಸುತ್ತದೆ. ಎರಡನೇ ಸಲ ಗ್ಯಾಸ್ಟ್ರೋ ತಂಡ ಬರಲಿಲ್ಲ ಅಂದುಕೊಳ್ಳಿ. ಮೂರನೇ ಸಲ ಅವರ ಫಾರ್ಮಿಗೆ 2ನೇ ನಂಬರ್ ಬೀಳುತ್ತದೆ, ಉಳಿದೆರಡಕ್ಕೆ 3. ಡೇಟಾ ಇಳಿಸಿ ನಂಬರ್ ನೋಡಿ ಜೋಡಿಸಿದರೆ, ಬ್ರಾಂಕೋಸ್ಕೋಪಿಯ ಪಕ್ಕ ಬೇರೆ ದಿನದ ಬಯಾಪ್ಸಿ ಬಂದು ನಿಲ್ಲುತ್ತದೆ. ಇದು ಸಣ್ಣ ವಿಷಯವಲ್ಲ. ಶ್ವಾಸನಾಳದ ದೊಡ್ಡ ಆಪರೇಷನ್ನಿಗೆ ಮೊದಲು ಅನ್ನನಾಳದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಉರಿಯೂತ ಇದೆಯೇ ಎಂದು ಬಯಾಪ್ಸಿಯಲ್ಲಿ ನೋಡುತ್ತಾರೆ. ಮೈಕ್ರೋಸ್ಕೋಪಿನ ಒಂದು ಹೈ-ಪವರ್ ಫೀಲ್ಡಿನಲ್ಲಿ (ಹೆಚ್ಚು ಹಿಗ್ಗಿಸಿ ಒಮ್ಮೆಗೆ ಕಾಣುವ ಜಾಗದಲ್ಲಿ) ಆ ಕಣಗಳು 15 ಅಥವಾ ಜಾಸ್ತಿ ಕಂಡರೆ ಅನುಮಾನ ಬಲವಾಗುತ್ತದೆ. ಆ ಎಣಿಕೆ ತಪ್ಪು ದಿನಕ್ಕೆ ಅಂಟಿದರೆ ಆಪರೇಷನ್ ಫಲಿತಾಂಶದ ಲೆಕ್ಕವೇ ಕೆಡುತ್ತದೆ.

ಹಾಗಾಗಿ ರೆಡ್‌ಕ್ಯಾಪಿನಲ್ಲಿ ಲಾಂಗಿಟ್ಯೂಡಿನಲ್ (ಇವೆಂಟುಗಳನ್ನು ಬಳಸಲು ಬೇಕಾದ) ಸೆಟ್ಟಿಂಗ್ ಆನ್ ಮಾಡಿ ಇಡೀ ಇವೆಂಟನ್ನೇ ರಿಪೀಟ್ ಮಾಡಿ. ಒಂದು ಅರಿವಳಿಕೆಗೆ ಒಂದೇ ನಂಬರ್. ಬಾರದ ತಂಡದ ಫಾರ್ಮ್ ಖಾಲಿ ಉಳಿಯುತ್ತದೆ. ಆದರೆ ಖಾಲಿ ಅಂದರೆ ನೋಡಲಿಲ್ಲವೋ, ನೋಡಿಯೂ ತುಂಬಲಿಲ್ಲವೋ? ಅದಕ್ಕೇ ಶುರುವಿನಲ್ಲೇ ‘ಇವತ್ತು ಯಾವ ತಂಡಗಳಿದ್ದವು’ ಎಂಬ ಟಿಕ್ ಪ್ರಶ್ನೆ ಇಡಿ.

ಡೇಟಾ ಸೇರತೊಡಗಿದ ಮೇಲೆ ಆಯ್ಕೆಗಳ ಕೋಡ್ (ಪ್ರತಿ ಉತ್ತರದ ಬದಲು ಒಳಗೆ ಉಳಿಯುವ ಸಂಖ್ಯೆ) ಮುಟ್ಟಬೇಡಿ. ಹಳೆಯ ಉತ್ತರಗಳ ಅರ್ಥವೇ ಬದಲಾಗುತ್ತದೆ.

ಲಾಭಕ್ಕಲ್ಲದ ಸಂಸ್ಥೆಗಳಿಗೆ ಲೈಸೆನ್ಸ್ ಉಚಿತ, ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವವರ ಸಂಬಳ ಉಚಿತವಲ್ಲ. ನಮ್ಮಲ್ಲಿ ಅವೆರಡೂ ಮೊದಲೇ ಇದ್ದವು. ಪ್ರಶ್ನೆಗಳನ್ನು ನಾನೇ ತಿದ್ದುತ್ತಾ ಕೂರುವ ಚಟವೂ ನನಗಿದೆ. ಒಬ್ಬರೇ ಡಾಕ್ಟರು, ಕೈಬೆರಳೆಣಿಕೆಯ ಮಕ್ಕಳು ಇದ್ದರೆ ಸ್ಪ್ರೆಡ್‌ಶೀಟೇ ಸಾಕು. ಆದರೆ ಮಗುವಿಗೊಂದು ಶೀಟು, ಸ್ಕೋಪಿಗೊಂದು ಶೀಟು ಇಟ್ಟು, ಎರಡಕ್ಕೂ ಒಂದೇ ಐಡಿ ಹಾಕಿ.