ನವನಗರದಿಂದ ಹಳೆ ಬಾಗಲಕೋಟೆಗೆ ಸಿಟಿ ಬಸ್: 5ಕ್ಕೆ 3 ಅಂಕ

ನಾನು ನವನಗರದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆಲಮಟ್ಟಿ ಹಿನ್ನೀರಿನಿಂದಾಗಿ ಎಷ್ಟೋ ಮನೆಗಳು ಹಳೆ ಊರು ಬಿಟ್ಟು ಇಲ್ಲಿಗೆ ಬಂದವು. ಜಿಲ್ಲಾ ಕಚೇರಿಯೂ ಇಲ್ಲೇ ಇದೆ. ನನಗೆ ಬೇಕಾದ ಬಣ್ಣದ ಅಸ್ತರ್ ಮಾತ್ರ ಹಳೆ ಊರಿನ ಪೇಟೆಯಲ್ಲೇ ಉಳಿಯಿತು! ನಡುವೆ ವಿದ್ಯಾಗಿರಿ, ಕಾಲೇಜು ಹುಡುಗರ ಗದ್ದಲ. ಮೂರು ತುಂಡಾದ ಊರನ್ನು ಕೂಡಿಸಿ ಹೊಲಿದಿರುವುದು ಈ ಬಸ್ಸೇ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ನನಗೆ ಟಿಕೆಟ್ ಖರ್ಚಿಲ್ಲ. ಮೊದಲು ಎಲ್ಲ ಕೆಲಸ ಕೂಡಿಸಿಟ್ಟು ವಾರಕ್ಕೊಮ್ಮೆ ಹೋಗುತ್ತಿದ್ದೆ. ಈಗ ಒಂದು ದಾರದ ರೀಲ್ ಖಾಲಿಯಾದರೂ ಹೊರಡುತ್ತೇನೆ. ಗಂಟು ಹೊತ್ತು ಓಡುವುದು ಕಂಡರೆ ಡ್ರೈವರ್ ನಿಲ್ಲಿಸುತ್ತಾರೆ, ಅದೂ ಹೇಳಬೇಕು.

ತಕರಾರು ಇರುವುದು ಕಾಯುವುದರಲ್ಲಿ. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ: 3 ನಿಮಿಷ, 26, 24, 2, 28. ಬಸ್ ಕಡಿಮೆ ಅಂತ ಸುಮ್ನೆ ಬೈಯುತ್ತಿದ್ದೆ. ಹಾಗಲ್ಲ, ಬಂದರೆ ಎರಡೂ ಒಟ್ಟಿಗೇ ಬರುತ್ತವೆ. ಗಂಟೆಗೆ 4 ಬಸ್ ಅಂದುಕೊಳ್ಳಿ. 15 ನಿಮಿಷಕ್ಕೊಂದು ಬಂದರೆ ಸರಾಸರಿ ಏಳೂವರೆ ನಿಮಿಷ ಕಾಯಬೇಕು. ಅದೇ 4 ಬಸ್ ಜೋಡಿಯಾಗಿ ಅರ್ಧ ಗಂಟೆಗೊಮ್ಮೆ ಬಂದರೆ 15 ನಿಮಿಷ. ಡೀಸೆಲ್ ಅಷ್ಟೇ, ಡ್ರೈವರೂ ಅಷ್ಟೇ. ಬ್ಲೌಸಿಗೆ 6 ಹುಕ್ಕು ಹಚ್ಚಬೇಕು. ಆರನ್ನೂ ಮೇಲೇ ಒತ್ತೊತ್ತಾಗಿ ಹಚ್ಚಿದರೆ ಲೆಕ್ಕಕ್ಕೆ ಆರೇ, ಆದರೆ ಕೆಳಗೆ ಬಾಯಿ ಬಿಡುತ್ತದೆ. ಅಂಥ ಬ್ಲೌಸ್ ಕೊಟ್ಟರೆ ಗಿರಾಕಿ ನನ್ನನ್ನು ಬಿಡುತ್ತಾರಾ?

ಜೋಡಿ ಯಾಕಾಗುತ್ತವೆ ಅಂತ ಕಿಟಕಿ ಪಕ್ಕ ಕೂತು ನೋಡಿದ್ದೇನೆ. ಮುಂದಿನ ಬಸ್ ಪೇಟೆಯ ಗದ್ದಲದಲ್ಲಿ ನಾಲ್ಕು ನಿಮಿಷ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿರುತ್ತಾರೆ. ಹತ್ತಿಸಿ, ಆಧಾರ್ ನೋಡಿ, ಟಿಕೆಟ್ ಹರಿಯುವಷ್ಟರಲ್ಲಿ ಇನ್ನೂ ತಡ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಓಡಿ ಬಂದು ಬೆನ್ನಿಗೆ ಅಂಟಿಕೊಳ್ಳುತ್ತದೆ. ವಿದ್ಯಾಗಿರಿಯಲ್ಲಿ ಗಡಿಯಾರ ಹಿಡಿದ ಕಂಟ್ರೋಲರ್ ಒಬ್ಬರಿದ್ದು, ಹಿಂದಿನದನ್ನು ಐದಾರು ನಿಮಿಷ ತಡೆದು ಬಿಟ್ಟರೆ ಸಾಕು. ಆಗ ಬಸ್ಸಿನಲ್ಲಿರುವವರು ಗೊಣಗುತ್ತಾರೆ, ನಾನೂ ಗೊಣಗುತ್ತೇನೆ. ಆದರೂ ತಡೆಯಲಿ. ಈಗ ತಡವಾದ ದಿನ ಟಮ್‌ಟಮ್ ಆಟೊ ಹತ್ತಬೇಕಾಗುತ್ತದೆ. ಉಳಿದ ಟಿಕೆಟ್ ದುಡ್ಡು ಅಲ್ಲಿಗೇ ಹೋಯಿತು.

ಹೊಸಬರಿಗೆ ಒಂದು ಮಾತು. ತುಂಬಿದ ಬಸ್ ಬಂದರೆ ಹಿಂದೆ ಇಣುಕಿ ನೋಡಿ. ಒಮ್ಮೆ ಕಂಡಕ್ಟರ್ ಅವರೇ ಹೇಳಿದರು: "ಅಕ್ಕಾರ, ಹಿಂದ ಖಾಲಿ ಬಸ್ ಬರಾಕತ್ತೈತ್ರಿ, ಅದ್ರಾಗ ಆರಾಮ ಕೂತು ಬರ್ರಿ." ಅವತ್ತಿನಿಂದ ನಾನು ಎರಡನೆಯದನ್ನೇ ಹತ್ತುತ್ತೇನೆ. ಸೀಟು ಗ್ಯಾರಂಟಿ. ಸೀಟು ಸಿಕ್ಕಿತೆಂದು ಸೀರೆಗೆ ಫಾಲ್ ಹಚ್ಚಲು ಹೋಗಿ ಒಮ್ಮೆ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಅದೊಂದು ಮಾತ್ರ ಮಾಡಬೇಡಿ.