ಗಡಿಯಾರವೋ, ದಿನಕ್ಕೊಂದು ವಿಷಯವೋ, ಸರತಿಯೋ? ಹಳ್ಳಿಮನೆಯ ಹೋಂಸ್ಕೂಲಿಂಗ್ ವಾರಕ್ಕೆ ಮೂರು ಪಟ್ಟಿಗಳು

ಹೊಲ, ಕೊಟ್ಟಿಗೆ ನೋಡಿಕೊಳ್ಳುತ್ತಾ ಮಕ್ಕಳಿಗೆ ಮನೆಯಲ್ಲೇ ಕಲಿಸುವವರ ವಾರ ಹದ ತಪ್ಪುವುದು ಪಾಠದಿಂದಲ್ಲ, ಅದರ ಸುತ್ತಲಿನ ಕೆಲಸದಿಂದ. ಹಸು ಕರು ಹಾಕುತ್ತದೆ, ಕರೆಂಟ್ ಹೋಗುತ್ತದೆ, ಮಳೆಗೆ ಮುಂಚೆ ಒಣಹುಲ್ಲು ಒಳಗೆ ಸೇರಬೇಕಾಗುತ್ತದೆ. ಅಂಥ ದಿನದ ಮರುದಿನ ಯಾವ ಪಟ್ಟಿ ಸಲೀಸಾಗಿ ಮುಂದುವರಿಯುತ್ತದೆ? ಮೂರು ಬಗೆಯನ್ನೂ ನಡೆಸಿ ನೋಡಿ, ಈ ಒಂದೇ ಪ್ರಶ್ನೆಯಿಂದ ಅಳೆದಿದ್ದೇವೆ.

ಮೊದಲನೆಯದು ಗಡಿಯಾರದ ಪಟ್ಟಿ: 9ಕ್ಕೆ ಗಣಿತ, 10ಕ್ಕೆ ಭಾಷೆ, 11ಕ್ಕೆ ವಿಜ್ಞಾನ. ಆನ್‌ಲೈನ್ ತರಗತಿ ಇರುವ, ತಾನೇ ಕೂತು ಓದುವ ದೊಡ್ಡ ಮಕ್ಕಳಿಗೆ ಇದು ಒಗ್ಗುತ್ತದೆ. ಆದರೆ ಕೊಟ್ಟಿಗೆಯ ಕೆಲಸ 40 ನಿಮಿಷ ತಡವಾದರೆ ಇಡೀ ಬೆಳಗು ಜಾರುತ್ತದೆ, ಪ್ರತಿ ಸಲವೂ ಕೊನೆಯಲ್ಲಿರುವ ವಿಷಯಕ್ಕೇ ಕತ್ತರಿ ಬೀಳುತ್ತದೆ. ಚಿತ್ರಕಲೆ ಎಲ್ಲಕ್ಕಿಂತ ಕೆಳಗಿದ್ದರೆ ತಿಂಗಳುಗಟ್ಟಲೆ ಬಣ್ಣದ ಡಬ್ಬಿ ತೆರೆಯುವುದೇ ಇಲ್ಲ. ಈ ಪಟ್ಟಿಯೇ ಬೇಕೆನ್ನುವವರು ನಡುವೆ ಅರ್ಧ ಗಂಟೆ ಖಾಲಿ ಬಿಡಿ.

ಎರಡನೆಯದು ದಿನಕ್ಕೊಂದು ವಿಷಯ. ಪ್ರಯೋಗಕ್ಕೆ, ನಕ್ಷೆ ಬರೆಯುವುದಕ್ಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಸಾಮಾನು ಒಮ್ಮೆ ಹರಡಿದರೆ ಎರಡು ಗಂಟೆ ನೆಮ್ಮದಿ. ಸೋಲುವುದು ಗಣಿತ ಮತ್ತು ಭಾಷೆಯಲ್ಲಿ. ಗುರುವಾರದ ಗಣಿತ ಒಂದು ಸಲ ತಪ್ಪಿತೆಂದರೆ ಮತ್ತೆ ಕೈಗೆ ಬರುವ ಹೊತ್ತಿಗೆ 14 ದಿನ ಕಳೆದಿರುತ್ತದೆ. ಒಂದೇ ಸಲಕ್ಕೆ ಕೂತು ಉರುಹೊಡೆಯುವುದಕ್ಕಿಂತ ದಿನಗಳಿಗೆ ಹಂಚಿ ಮಾಡಿದ ಪುನರಾವರ್ತನೆ ಚೆನ್ನಾಗಿ ನೆನಪಿನಲ್ಲಿ ನಿಲ್ಲುತ್ತದೆಂದು ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಭಾಗಾಕಾರ ಕಲಿಯುವ ಮಗುವಿನ ಪುಸ್ತಕ ನೋಡಿದರೆ ಅದು ಕಣ್ಣಿಗೇ ಕಾಣುತ್ತದೆ.

ಮೂರನೆಯದು ಸರತಿ ಪಟ್ಟಿ: ವಿಷಯಕ್ಕೆ ಗಂಟೆಯೂ ಇಲ್ಲ, ವಾರವೂ ಇಲ್ಲ, ಒಂದು ಮುಗಿದ ಮೇಲೆ ಮುಂದಿನದರ ಸರದಿ. ನಮ್ಮ ಮತ ಇದಕ್ಕೇ, ಆದರೆ ಗಣಿತ, ಓದು, ಬರಹ ಈ ಮೂರನ್ನು ಸರತಿಗೆ ಸೇರಿಸದೆ ದಿನವೂ ಮೊದಲೇ ಮುಗಿಸುವುದಾದರೆ ಮಾತ್ರ. ಚಿಕ್ಕವರಿಗೆ ಒಂದೊಂದಕ್ಕೆ 15–20 ನಿಮಿಷ, ದೊಡ್ಡವರಿಗೆ 30–45. ಚಿಕ್ಕವರ ಪಕ್ಕ ನೀವು ಕೂತಿರುವಾಗ ದೊಡ್ಡವರು ನಿನ್ನೆಯ ಲೆಕ್ಕ ತಿದ್ದಿಕೊಳ್ಳಲಿ, ಆಮೇಲೆ ಅದಲುಬದಲು. ಶುರುವಿಗೆ ಗಂಟೆ ಗೊತ್ತುಮಾಡಬೇಡಿ. "ಕೋಳಿಗೆ ಕಾಳು ಹಾಕಿ ಕೈ ತೊಳೆದ ಮೇಲೆ" ಎಂದಿದ್ದರೆ ಸಾಕು.

ಉಳಿದದ್ದನ್ನು ಉದ್ದನೆಯ ರಟ್ಟಿನ ಮೇಲೆ ಒಂದರ ಕೆಳಗೊಂದು ಬರೆಯಿರಿ: ವಿಜ್ಞಾನ, ಇತಿಹಾಸ, ಸಂಗೀತ, ಭೂಗೋಳ, ಚಿತ್ರಕಲೆ, ಕರಕುಶಲ. ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ ಒಂದು. ಪಾಠ ಮುಗಿದರೆ ಕ್ಲಿಪ್ ಒಂದು ಸಾಲು ಕೆಳಗಿಳಿಯುತ್ತದೆ, ಮುಗಿಯದಿದ್ದರೆ ಅಲ್ಲೇ. ದಿನಕ್ಕೆ ಎರಡರಂತೆ ನಾಲ್ಕು ದಿನಕ್ಕೆ 8 ಪಾಠ, ಅಂದರೆ ಮೂರು ದಿನಕ್ಕೊಮ್ಮೆ ಇಡೀ ಸುತ್ತು. ಎರಡು ದಿನ ಪೂರ್ತಿ ಹೋದರೂ ಯಾವ ವಿಷಯವೂ ಕಳೆದುಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ.

ಇದರಲ್ಲೂ ಎಡವುವ ಜಾಗಗಳಿವೆ. ಸಾಲು ಹತ್ತು ದಾಟಿದರೆ ಸುತ್ತು ಮುಗಿಯಲು ವಾರಕ್ಕಿಂತ ಹೆಚ್ಚು ಹಿಡಿಯುತ್ತದೆ, ಮಕ್ಕಳು ಎಲ್ಲಿಗೆ ನಿಲ್ಲಿಸಿದ್ದೆವೆಂದೇ ಮರೆಯುತ್ತಾರೆ. ಬೇಡದ ವಿಷಯ ಬಂದಾಗ "ಇವತ್ತು ಇದು ಬಿಡೋಣ, ಮುಂದಿನದು ಮಾಡೋಣ" ಎನ್ನುವುದು ಇನ್ನೂ ದೊಡ್ಡ ತೊಂದರೆ. ಒಂದು ಸಲ ಹಾರಿಸಿದರೆ ಸರತಿಗೆ ಅರ್ಥವಿಲ್ಲ. ಹೆಚ್ಚು ಅಭ್ಯಾಸ ಬೇಕಾದ ವಿಷಯವನ್ನು ಪಟ್ಟಿಯಲ್ಲಿ ಎರಡು ಕಡೆ ಬರೆಯಿರಿ.

ಐದನೆಯ ದಿನ ಪೇಟೆಗೆ ಮೀಸಲು. ಗ್ರಂಥಾಲಯ, ವೈದ್ಯರು, ಸಂಗೀತದ ಮೇಷ್ಟ್ರು, ಮನೆಸಾಮಾನು ಎಲ್ಲ ಒಂದೇ ಓಡಾಟದಲ್ಲಿ. ಬೇರೆ ಬೇರೆ ದಿನ ಹೋದರೆ ಒಂದೊಂದು ಸಣ್ಣ ಕೆಲಸವೂ ಒಂದೊಂದು ಬೆಳಗನ್ನು ನುಂಗುತ್ತದೆ. ದಾರಿಯಲ್ಲಿ ಕೇಳುವ ಕಥೆಯನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಡಿ, ಸಿಗ್ನಲ್ ನಂಬಬೇಡಿ. ಮರುದಿನ ಮಕ್ಕಳು ದಣಿದಿರುತ್ತಾರೆ, ಆದ್ದರಿಂದ ಪೇಟೆಯ ದಿನ ವಾರದ ಕೊನೆಗಿದ್ದರೆ ಒಳ್ಳೆಯದು.

ವರ್ಷದ ಲೆಕ್ಕಕ್ಕೆ 6 ವಾರ ಪಾಠ, 1 ವಾರ ಬಿಡುವು. ಹೀಗೆ ಆರು ಸಲ ಮಾಡಿದರೆ 42 ವಾರ, ಮಿಕ್ಕ 10 ವಾರ ಬಿತ್ತನೆ, ಕೊಯ್ಲಿಗೆ. ಆ ದಿನಗಳಲ್ಲಿ ಗಣಿತ 20 ನಿಮಿಷ, ಓದು 20 ನಿಮಿಷ ಮಾತ್ರ. ಕ್ಲಿಪ್ ಇದ್ದಲ್ಲೇ ಇರಲಿ.